ಮಿದುಳಿನ ಗೊಬ್ಬರ, ಮನಸ್ಸಿನ ರುಚಿ

ನಮ್ಮ ಅಲಂಕಾರಶಾಸ್ತ್ರದಲ್ಲಿ ಮೂವತ್ತಮೂರು ಸಂಚಾರಿಭಾವಗಳನ್ನು ಎಣಿಸಿದ್ದಾರೆ. ಭರತಮುನಿಯ ಪಟ್ಟಿಯಲ್ಲಿ ಮೊದಲನೆಯದೇ ನಿರ್ವೇದ. ವಿಷಾದವೂ ಅದರಲ್ಲಿ ಒಂದು. ಪಂಡಿತ ಪರೀಕ್ಷೆಗೆ ಓದುತ್ತಿದ್ದಾಗ ಇವನ್ನು ಬಾಯಿಪಾಠ ಮಾಡಿದವನು ನಾನು. ಆಮೇಲೆ ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟೆ. ಸಂಚಾರಿ ಎಂದರೆ ಬಂದು ಹೋಗುವುದು, ನೀರಿನ ಮೇಲಿನ ಅಲೆಯಂತೆ ಎದ್ದು ಅಡಗುವುದು. ಬಾಳಿನಲ್ಲಿಯೂ ವಿಷಾದದ ಗತಿ ಅಷ್ಟೇ ಎಂದು ನಂಬಿದ್ದೆ. ಮೂರು ವರ್ಷದ ಹಿಂದೆ ನಮ್ಮ ಮನೆಗೆ ಬಂದ ವಿಷಾದ ಮಾತ್ರ ಹೋಗಲಿಲ್ಲ, ನಿಂತುಬಿಟ್ಟಿತು.

ನನ್ನ ಅಕ್ಕ ನನಗಿಂತ ಆರು ವರ್ಷ ಹಿರಿಯಳು. ಬೆಳಗ್ಗೆ ಎದ್ದವಳು ಒಲೆ ಹಚ್ಚುವುದಕ್ಕೆ ಮೊದಲು ರೇಡಿಯೋ ಹಚ್ಚುತ್ತಿದ್ದಳು. ಆಕಾಶವಾಣಿಯ ಆರಂಭದ ರಾಗ ಕಿವಿಗೆ ಬೀಳದೆ ಆಕೆಗೆ ಬೆಳಗಾಗುತ್ತಿರಲಿಲ್ಲ. ಒಂದು ದಿನ ಮನೆ ನಿಶ್ಶಬ್ದವಾಗಿತ್ತು. ಪೆಟ್ಟಿಗೆ ಕೆಟ್ಟಿರಬೇಕೆಂದು ಹೋಗಿ ತಿರುಗಿಸಿದೆ, ಸೊಗಸಾಗಿ ಹಾಡಿತು. ಅಕ್ಕ ಅಡಿಗೆಮನೆಯ ಹೊಸ್ತಿಲಲ್ಲಿ ಸುಮ್ಮನೆ ಕುಳಿತಿದ್ದಳು. ಆ ವರ್ಷ ಮನೆಯಲ್ಲಿ ಉಪ್ಪಿನಕಾಯಿ ಬೀಳಲಿಲ್ಲ. ಊರಿನಿಂದ ಮೊಮ್ಮಗಳು ಬಂದು ಕತ್ತಿಗೆ ಜೋತುಬಿದ್ದರೆ, ಮಗುವಿನ ತಲೆ ಸವರಿ, ಮತ್ತೆ ಗೋಡೆಯ ಕಡೆಗೆ ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟಿಷ್ಟು ತಿಳಿಯುತ್ತಿತ್ತೋ ಏನೋ! ನಾನು ಮೇಷ್ಟರ ಧಾಟಿಯಲ್ಲಿ ಗದರಿದೆ: "ಏನು ಕಡಮೆಯಾಗಿದೆ ಅಕ್ಕ ನಿನಗೆ? ನಾಲ್ಕು ಜನರ ಜೊತೆ ಬೆರೆತು ಲವಲವಿಕೆಯಿಂದ ಇರಬಾರದೆ?" ಅದಕ್ಕೆ ಆಕೆ ಹೇಳಿದುದು ಒಂದೇ ಮಾತು: "ಏನೂ ಕಡಮೆಯಾಗಿಲ್ಲ ಕಣೋ. ಏನೂ ಬೇಕು ಅನ್ನಿಸೋಲ್ಲ, ಅಷ್ಟೆ."

ಆಕೆ ಕೊಟ್ಟ ಉತ್ತರವೇ ರೋಗದ ಲಕ್ಷಣವೆಂದು ನನಗೆ ತಿಳಿಯುವುದಕ್ಕೆ ಐದು ತಿಂಗಳು ಹಿಡಿಯಿತು. ವೈದ್ಯರು ಖಿನ್ನತೆಯನ್ನು ಗುರುತಿಸುವಾಗ ಎರಡು ಮುಖ್ಯ ಚಿಹ್ನೆಗಳನ್ನು ನೋಡುತ್ತಾರೆ. ಮೊದಲನೆಯದು, ದಿನದ ಬಹುಭಾಗ ಕವಿದಿರುವ ದುಃಖ. ಎರಡನೆಯದು, ಹಿಂದೆ ಹಿತವಾಗಿದ್ದುದರಲ್ಲಿ ಆಸಕ್ತಿಯೂ ಸುಖವೂ ಇಲ್ಲದಿರುವುದು. ಇವೆರಡರಲ್ಲಿ ಒಂದಾದರೂ ಇದ್ದು, ನಿದ್ರೆ, ಹಸಿವು, ಏಕಾಗ್ರತೆ ಮುಂತಾದುವೂ ಕೆಟ್ಟು, ಎರಡು ವಾರಕ್ಕೆ ಮೀರಿ ನಿಂತರೆ ಅದನ್ನು ರೋಗವೆಂದೇ ಎಣಿಸಬೇಕು. ಎರಡನೆಯ ಚಿಹ್ನೆಗೆ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋ ೧೮೯೬ರಲ್ಲಿ 'ಆನ್‌ಹೆಡೋನಿಯ' ಎಂದು ಹೆಸರಿಟ್ಟ. ಕನ್ನಡದಲ್ಲಿ 'ಅರುಚಿ' ಎಂದರೆ ಸಾಕು. ಜ್ವರ ಬಿಟ್ಟವನ ನಾಲಿಗೆಗೆ ಅನ್ನ ಹೇಗೋ ಈ ರೋಗಿಗೆ ಲೋಕವೆಲ್ಲ ಹಾಗೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೨೦೧೫-೧೬ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ವಯಸ್ಕರಾದ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಬಾಳಿನ ಯಾವುದಾದರೊಂದು ಕಾಲದಲ್ಲಿ ಖಿನ್ನತೆ ಬಂದಿರುತ್ತದೆ. ಒಂದು ಬೀದಿಯಲ್ಲಿ ಇಂಥವರು ಎಷ್ಟು ಮಂದಿ ಇರಬಹುದೆಂದು ನೀವೇ ಲೆಕ್ಕ ಹಾಕಿಕೊಳ್ಳಬಹುದು.

ಈ ಅರುಚಿ ಎಲ್ಲಿಂದ ಬರುತ್ತದೆ? ಅಕ್ಕನನ್ನು ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದುಕೊಂಡುಹೋದ ಮೇಲೆ, ಶಾಲೆಯ ವಿಜ್ಞಾನದ ಮೇಷ್ಟರನ್ನು ಕಾಡಿ ಬೇಡಿ, ಅವರು ತಂದುಕೊಟ್ಟುದನ್ನು ಓದಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಖಿನ್ನತೆಗೂ ಮಿದುಳಿನ ರಸಾಯನಗಳಿಗೂ ನಂಟಿದೆಯೆಂಬುದು ಮೊದಲು ಗೊತ್ತಾದದ್ದು ಆಕಸ್ಮಿಕವಾಗಿ. ೧೯೫೨ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೋನಿಯಜಿಡ್ ಎಂಬ ಹೊಸ ಔಷಧ ಕೊಟ್ಟು ನೋಡುತ್ತಿದ್ದರು. ಹಾಸಿಗೆ ಹಿಡಿದು ಬದುಕಿನ ಆಸೆ ಬಿಟ್ಟಿದ್ದವರು ಎದ್ದು ಓಡಾಡಿದರು, ಹೊಟ್ಟೆತುಂಬ ಉಂಡರು, ನಕ್ಕರು. ಎದೆಯ ರೋಗದ ಮದ್ದು ಮನಸ್ಸಿನ ಮೇಲೆ ಕೆಲಸಮಾಡಿತ್ತು. ೧೯೫೭ರಲ್ಲಿ ಸ್ವಿಟ್ಸರ್ಲೆಂಡಿನ ರೋಲಾಂಡ್ ಕೂನ್ ಎಂಬ ವೈದ್ಯ ಇಮಿಪ್ರಮಿನ್ ಎಂಬ ಮತ್ತೊಂದು ಔಷಧದಲ್ಲಿಯೂ ಈ ಗುಣ ಇರುವುದನ್ನು ಪ್ರಕಟಿಸಿದ. ಇದಕ್ಕೆ ತಿರುಗುಮುರುಗಾದ ಕಥೆ ನಮ್ಮ ದೇಶದ ಸರ್ಪಗಂಧಿಯದು. ಆ ಬೇರಿನಿಂದ ೧೯೫೨ರಲ್ಲಿ ಬೇರ್ಪಡಿಸಿದ ರೆಸರ್ಪಿನ್ ಎಂಬ ಸಾರವನ್ನು ರಕ್ತದ ಒತ್ತಡಕ್ಕೆ ಕೊಟ್ಟಾಗ ಕೆಲವರು ಮಂಕಾದರೆಂದು ವರದಿಗಳು ಬಂದುವು. ಅದು ಮಿದುಳಿನಲ್ಲಿ ಸಿರೊಟೋನಿನ್ ಮೊದಲಾದ ದ್ರವ್ಯಗಳ ದಾಸ್ತಾನನ್ನು ಬರಿದುಮಾಡುವುದೆಂದೂ ತಿಳಿಯಿತು. ಹೊಸ ಮಾತ್ರೆಗಳಾದರೋ ಅದೇ ಬಗೆಯ ದ್ರವ್ಯಗಳನ್ನು ಹೆಚ್ಚಿಸುತ್ತಿದ್ದುವು. ಹಾಗಾದರೆ ಆ ದ್ರವ್ಯಗಳ ಕೊರತೆಯೇ ಖಿನ್ನತೆ ಎಂದು ಬಹುಕಾಲ ನಂಬಿದ್ದರು. ಕೊಡದಲ್ಲಿ ನೀರು ಕಡಮೆ, ತುಂಬಿಸಿದರೆ ಆಯಿತು ಎಂಬಂತೆ.

ಲೆಕ್ಕ ಹೊಂದಲಿಲ್ಲ. ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿಯೇ ದ್ರವ್ಯವೇನೋ ಏರುತ್ತದೆ. ರೋಗಿಯ ಮುಖ ಅರಳುವುದು ಮಾತ್ರ ಎರಡು, ಮೂರು, ಕೆಲವೊಮ್ಮೆ ಆರು ವಾರ ಕಳೆದ ಮೇಲೆ. ಕೊಡ ತುಂಬಿದರೂ ದಾಹ ತೀರುವುದಕ್ಕೆ ತಿಂಗಳು ಬೇಕೆಂದರೆ ಏನರ್ಥ? ಈ ತಡಕ್ಕೆ ಕಾರಣ ಹುಡುಕುತ್ತ ಹೋದವರಿಗೆ ಕಂಡದ್ದು ನೀರಿನ ಕೊಡವಲ್ಲ, ಒಂದು ಬಗೆಯ ಬೇಸಾಯ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ, ಇಟಲಿಯ ಟ್ಯೂರಿನ್ ಪಟ್ಟಣದ ಒಬ್ಬ ಮಹಿಳೆಯ ಮಾತು ಹೇಳಬೇಕು. ರೀಟಾ ಲೆವಿ-ಮೊಂಟಲ್ಚಿನಿ ೧೯೦೯ರಲ್ಲಿ ಹುಟ್ಟಿದವರು, ಯೆಹೂದಿ ಮನೆತನದವರು. ಮುಸೊಲಿನಿಯ ಸರಕಾರ ೧೯೩೮ರಲ್ಲಿ ಯೆಹೂದಿಗಳನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕಿತು. ಆಕೆ ತಮ್ಮ ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು, ಹೊಲಿಗೆಯ ಸೂಜಿಯನ್ನು ಮಸೆದು ಉಪಕರಣ ಮಾಡಿಕೊಂಡು, ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ನರಗಳು ಹೇಗೆ ಬೆಳೆಯುತ್ತವೆ, ಹೇಗೆ ಸಾಯುತ್ತವೆ ಎಂದು ನೋಡುತ್ತ ಕುಳಿತರು. ಹೊರಗೆ ಯುದ್ಧ ನಡೆದಿತ್ತು. ೧೯೪೭ರಲ್ಲಿ ಅಮೆರಿಕದ ಸೇಂಟ್ ಲೂಯಿಗೆ ಹೋದ ಮೇಲೆ ಸ್ಟಾನ್ಲಿ ಕೋಹೆನ್ ಎಂಬ ರಸಾಯನವಿಜ್ಞಾನಿಯ ಜೊತೆಗೂಡಿ, ನರತಂತುಗಳನ್ನು ತನ್ನ ಕಡೆಗೆ ಸೆಳೆದು ಬೆಳೆಯಿಸುವ ಒಂದು ಪದಾರ್ಥವನ್ನು ಗುರುತಿಸಿದರು. ಅದು ಹೇರಳವಾಗಿ ಸಿಕ್ಕಿದುದು ಎಲ್ಲಿ ಗೊತ್ತೆ? ಹಾವಿನ ವಿಷದಲ್ಲಿ! ಬೇರೆ ಯಾವುದೋ ಕೆಲಸಕ್ಕೆಂದು ವಿಷವನ್ನು ಸೇರಿಸಿದಾಗ ನರಗಳು ಹಿಂದೆಂದೂ ಕಾಣದಷ್ಟು ಹುಲುಸಾಗಿ ಚಿಗುರಿದುವು. ಕೊಲ್ಲುವ ವಿಷದಲ್ಲಿ ಬೆಳೆಸುವ ವಸ್ತುವಿದ್ದುದನ್ನು ಓದಿದಾಗ ಸಮುದ್ರಮಥನದ ಕಥೆ ನನಗೆ ನೆನಪಾಯಿತು. ಇಬ್ಬರಿಗೂ ೧೯೮೬ರಲ್ಲಿ ನೊಬೆಲ್ ಬಹುಮಾನ ಬಂದಿತು. ಆಕೆ ನೂರಮೂರು ವರ್ಷ ಬಾಳಿ ೨೦೧೨ರಲ್ಲಿ ತೀರಿಕೊಂಡರು.

ಅದೇ ಕುಲದ ಇನ್ನೊಂದು ವಸ್ತುವನ್ನು ೧೯೮೨ರಲ್ಲಿ ಜರ್ಮನಿಯಲ್ಲಿ ಬಾರ್ಡ್, ಎಡ್ಗರ್, ಥೋನೆನ್ ಎಂಬ ಮೂವರು ಹಂದಿಯ ಮಿದುಳಿನಿಂದ ಶೋಧಿಸಿ ತೆಗೆದರು. ಅದರ ಹೆಸರು ಬಿ.ಡಿ.ಎನ್.ಎಫ್. ಮಿದುಳಿನಲ್ಲಿ ಹುಟ್ಟುವ ನರಪೋಷಕ ಎಂದು ಅದರ ಅರ್ಥ. ನಾನು ಇದನ್ನು ಮಿದುಳಿನ ಗೊಬ್ಬರ ಎಂದು ಕರೆಯುತ್ತೇನೆ, ಶಾಸ್ತ್ರಜ್ಞರು ಮನ್ನಿಸಬೇಕು. ಮಿದುಳಿನ ಒಂದೊಂದು ನರಕೋಶವೂ ಕೊಂಬೆರೆಂಬೆಗಳನ್ನು ಚಾಚಿಕೊಂಡ ಗಿಡದಂತೆ. ಒಂದರ ರೆಂಬೆ ಮತ್ತೊಂದನ್ನು ಸಂಧಿಸುವ ಕಡೆಯಲ್ಲಿ ಸಂದೇಶ ದಾಟುತ್ತದೆ. ಈ ಗೊಬ್ಬರ ಬಿದ್ದ ಕಡೆ ರೆಂಬೆ ಚಿಗುರುತ್ತದೆ, ಸಂಧಿ ಬಲಿಯುತ್ತದೆ. ಕಡಮೆಯಾದ ಕಡೆ ರೆಂಬೆ ಮೊಟಕಾಗುತ್ತದೆ. ನಾವು ಕಲಿಯುವುದು, ನೆನಪಿಡುವುದು ಎಲ್ಲಕ್ಕೂ ಇದು ಬೇಕು.

ಕಿವಿಯ ನೇರಕ್ಕೆ, ಮಿದುಳಿನ ಒಳಮಡಿಕೆಯಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಕಡಲ್ಗುದುರೆಯ ಆಕಾರ ಕಂಡು ಗ್ರೀಕ್ ಹೆಸರಿಟ್ಟಿದ್ದಾರೆ. ನೆನಪಿನ ಕೆಲಸ ಅದರದು. ಆತಂಕ ಬಂದಾಗ ದೇಹದಲ್ಲಿ ಏರುವ ಉದ್ವೇಗದ ರಸಗಳಿಗೆ ಕಡಿವಾಣ ಹಾಕುವ ಕೆಲಸವೂ ಅದರದೇ. ದೀರ್ಘಕಾಲ ಸಂಕಟಕ್ಕೆ ಸಿಕ್ಕಿದ ಇಲಿಗಳಲ್ಲಿ ಈ ಭಾಗದ ಗೊಬ್ಬರ ಇಳಿದುಹೋಗಿ ಕೋಶಗಳ ರೆಂಬೆಗಳು ಕುಗ್ಗುತ್ತವೆ. ಖಿನ್ನತೆ ಮರುಕಳಿಸುತ್ತ ಹೋದ ಮನುಷ್ಯರಲ್ಲಿಯೂ ಈ ಭಾಗ ಸರಾಸರಿಯಲ್ಲಿ ತುಸು ಕಿರಿದಾಗಿರುವುದನ್ನು ಚಿತ್ರ ತೆಗೆದು ನೋಡಿದ್ದಾರೆ. ೧೯೯೫ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಡ್ಯೂಮನ್ ಮತ್ತು ಅವರ ಜೊತೆಯವರು ಇಲಿಗಳಿಗೆ ಖಿನ್ನತೆಯ ಮಾತ್ರೆಗಳನ್ನು ವಾರಗಟ್ಟಲೆ ಕೊಟ್ಟು, ಹಿಪೊಕ್ಯಾಂಪಸ್ಸಿನಲ್ಲಿ ಈ ಗೊಬ್ಬರದ ತಯಾರಿಕೆ ಏರುವುದನ್ನು ಕಂಡರು. ಒಂದು ದಿನ ಕೊಟ್ಟರೆ ಏರಲಿಲ್ಲ. ತಡಕ್ಕೆ ಕಾರಣ ಸಿಕ್ಕಿತೆಂದು ತೋರಿತು. ನೀರು ಹಾಯಿಸಿದ ದಿನವೇ ಪೈರು ಬರುತ್ತದೆಯೆ? ಬೇರು ಹಿಡಿದು ಎಲೆ ಬಿಡುವುದಕ್ಕೆ ಕಾಲ ಬೇಕಷ್ಟೆ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. 'ಗೊಬ್ಬರ ಕಡಮೆಯಾಯಿತು, ಹಾಕಿದರೆ ಸರಿಹೋಯಿತು' ಎಂದರೆ ಅದೂ ಕೊಡದ ಲೆಕ್ಕವೇ ಆಯಿತು. ಅಕ್ಕನ ಮಾತಿಗೆ, ಏನೂ ಬೇಕೆನ್ನಿಸದಿರುವುದಕ್ಕೆ, ಅದು ಉತ್ತರ ಕೊಡುವುದಿಲ್ಲ. 'ಬೇಕು' ಎನ್ನಿಸುವುದಕ್ಕೆ ಮಿದುಳಿನಲ್ಲಿ ಬೇರೆಯೇ ಒಂದು ಹಾದಿಯಿದೆ.

ಅದು ಗೊತ್ತಾದದ್ದೂ ಒಂದು ತಪ್ಪಿನಿಂದಲೇ. ಕೆನಡಾ ದೇಶದ ಮಾಂಟ್ರಿಯಲ್ಲಿನಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬ ಇಬ್ಬರು ಇಲಿಗಳ ಮಿದುಳಿಗೆ ಸಣ್ಣ ತಂತಿ ಇಳಿಸಿ ಪ್ರಯೋಗ ಮಾಡುತ್ತಿದ್ದರು. ಒಂದು ಇಲಿಗೆ ಇಳಿಸಿದ ತಂತಿ ಗುರಿ ತಪ್ಪಿ ಬೇರೆ ಕಡೆ ಕುಳಿತಿತ್ತು. ಆ ಇಲಿ ತನಗೆ ವಿದ್ಯುತ್ತು ತಗುಲಿದ ಮೂಲೆಗೆ ಮತ್ತೆ ಮತ್ತೆ ಓಡಿಬರುತ್ತಿತ್ತು. ತಾನೇ ಒತ್ತಿಕೊಳ್ಳುವಂತೆ ಸನ್ನೆಯೊಂದನ್ನು ಇಟ್ಟುಕೊಟ್ಟರೆ ಇಲಿಗಳು ಗಂಟೆಗೆ ಸಾವಿರಗಟ್ಟಲೆ ಸಲ ಒತ್ತಿದುವು. ಇದು ೧೯೫೪ರಲ್ಲಿ ಪ್ರಕಟವಾಯಿತು. ಅಲ್ಲಿಂದ ಮುಂದೆ ಗುರುತಿಸಿದ ಹಾದಿ ಹೀಗಿದೆ: ನಡುಮಿದುಳಿನ ತಳದಲ್ಲಿರುವ ಒಂದು ಪುಟ್ಟ ಕೋಶಸಮೂಹದಿಂದ ಹೊರಟ ತಂತುಗಳು ಮುಂದೆ ಹಣೆಯ ಕಡೆಗೆ ಸಾಗಿ, ಅಕ್ಯುಂಬೆನ್ಸ್ ಎಂಬ ಗಂಟಿನಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ಸುರಿಸುತ್ತವೆ. ಊಟ, ಸ್ನೇಹ, ಸಂಗೀತ, ಯಾವುದಾದರೂ ಸರಿ, ಹಿತದ ಸುಳಿವು ಸಿಕ್ಕಿದಾಗ ಈ ಹಾದಿ ಚುರುಕಾಗುತ್ತದೆ.

ಇದನ್ನು ಸುಖದ ಹಾದಿ ಎನ್ನುವುದು ವಾಡಿಕೆಯಾಗಿದ್ದರೂ ಪೂರಾ ಸರಿಯಲ್ಲ. ಅಮೆರಿಕದ ಮಿಷಿಗನ್ನಿನ ಕೆಂಟ್ ಬೆರಿಡ್ಜ್ ಎಂಬವರು ಡೋಪಮೈನ್ ಇಲ್ಲದಂತೆ ಮಾಡಿದ ಇಲಿಗಳನ್ನು ನೋಡಿದರು. ಅವು ಎದುರಿಗಿದ್ದ ಆಹಾರವನ್ನು ಮುಟ್ಟುವುದಿಲ್ಲ, ಬಿಟ್ಟರೆ ಹಸಿದೇ ಸಾಯುತ್ತವೆ. ಆದರೆ ನಾವೇ ಸಕ್ಕರೆನೀರನ್ನು ಬಾಯಿಗೆ ಬಿಟ್ಟರೆ ಚಪ್ಪರಿಸುತ್ತವೆ! ಸವಿಯುವ ಶಕ್ತಿ ಉಳಿದಿದೆ, ಬಯಸುವ ಶಕ್ತಿ ಹೋಗಿದೆ. ಸವಿ ಬೇರೆ, ಬಯಕೆ ಬೇರೆ. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. 'ಎದ್ದು ಹೋಗಬಾರದೆ, ಬೆರೆಯಬಾರದೆ' ಎಂದು ನಾನು ಗದರಿದುದು ಯಾವ ಶಕ್ತಿ ಕುಂದಿತ್ತೋ ಅದನ್ನೇ ಬಳಸೆಂದು ಹೇಳಿದಂತಾಗಿತ್ತು. ಕಾಲು ಮುರಿದವನಿಗೆ 'ನಡೆದುಹೋಗಿ ಪಟ್ಟಿ ಕಟ್ಟಿಸಿಕೊಂಡು ಬಾ' ಎಂದ ಹಾಗೆ.

ಇನ್ನು ಗೊಬ್ಬರಕ್ಕೂ ಈ ಹಾದಿಗೂ ಇರುವ ಸಂಬಂಧ. ೨೦೦೬ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಎರಿಕ್ ನೆಸ್ಲರ್ ಅವರ ಪ್ರಯೋಗಶಾಲೆಯವರು ಸಣ್ಣ ಇಲಿಯೊಂದನ್ನು ಪ್ರತಿದಿನ ಕೆಲವು ನಿಮಿಷ ಜಗಳಗಂಟಿ ದಡಿಯ ಇಲಿಯ ಗೂಡಿಗೆ ಬಿಟ್ಟು, ಪೆಟ್ಟು ತಿನ್ನಿಸಿದರು. ಹೀಗೆ ಹತ್ತು ದಿನ, ದಿನಕ್ಕೊಬ್ಬ ಹೊಸ ಎದುರಾಳಿ. ಆಮೇಲೆ ಆ ಇಲಿ ವಾರಗಟ್ಟಲೆ ಯಾವ ಇಲಿಯ ಹತ್ತಿರಕ್ಕೂ ಹೋಗದೆ ಮೂಲೆ ಹಿಡಿಯಿತು. ಅಕ್ಯುಂಬೆನ್ಸಿನಲ್ಲಿ ಬಿ.ಡಿ.ಎನ್.ಎಫ್. ಕಡಮೆಯಾಗಿರಬೇಕೆಂದು ನೀವು ಊಹಿಸುವಿರಿ. ಇಲ್ಲ, ಹೆಚ್ಚಾಗಿತ್ತು! ನಡುಮಿದುಳಿನ ಆ ತಾಣದಲ್ಲಿ ಗೊಬ್ಬರ ತಯಾರಾಗದಂತೆ ಮೊದಲೇ ತಡೆದಿದ್ದ ಇಲಿಗಳು ಅಷ್ಟೇ ಪೆಟ್ಟು ತಿಂದರೂ ಮೂಲೆ ಹಿಡಿಯಲಿಲ್ಲ. ಮರುವರ್ಷ ಅವರೇ ಇನ್ನೊಂದು ಸಂಗತಿ ತಿಳಿಸಿದರು. ಪೆಟ್ಟು ತಿಂದ ಇಲಿಗಳೆಲ್ಲ ಕುಗ್ಗುವುದಿಲ್ಲ, ಕೆಲವು ಸಾವರಿಸಿಕೊಳ್ಳುತ್ತವೆ. ಗೊಬ್ಬರ ಏರಿದ್ದುದು ಕುಗ್ಗಿದ ಇಲಿಗಳಲ್ಲಿ. ಖಿನ್ನತೆಯಿಂದ ಬಳಲಿ ತೀರಿಹೋದ ಮನುಷ್ಯರ ಅಕ್ಯುಂಬೆನ್ಸಿನಲ್ಲಿಯೂ ಅದು ಏರಿದ್ದುದನ್ನು ಅವರು ಕಂಡರು. ಒಂದು ಗದ್ದೆಯಲ್ಲಿ ಪೈರು ಬೆಳೆಸುವ ಗೊಬ್ಬರ ಇನ್ನೊಂದರಲ್ಲಿ ಕಳೆ ಬೆಳೆಸುತ್ತಿದೆ. ಪೆಟ್ಟಿನ ಪಾಠವನ್ನು, 'ಹತ್ತಿರ ಹೋಗಬೇಡ, ಆಸೆ ಪಡಬೇಡ' ಎಂಬುದನ್ನು, ಅದು ಬಯಕೆಯ ಹಾದಿಯಲ್ಲಿ ಬೇರೂರಿಸುತ್ತಿದೆ.

ಇಂಥದೇ ವೈಪರೀತ್ಯವನ್ನು ಮಿದುಳಿನ ಇನ್ನೊಂದು ಮೂಲೆಯಲ್ಲಿ ಮೊದಲೇ ಕಂಡವರು ನಮ್ಮ ಬೆಂಗಳೂರಿನವರೆಂಬುದು ಸಂತೋಷದ ಸಂಗತಿ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಅವರು ಮತ್ತು ನಿಮ್ಹಾನ್ಸಿನ ಶಂಕರನಾರಾಯಣ ರಾವ್ ಅವರು ಜೊತೆಗಾರರೊಂದಿಗೆ ೨೦೦೨ರಲ್ಲಿ ಪ್ರಕಟಿಸಿದ ಸಂಶೋಧನೆ ಅದು. ಇಲಿಗಳನ್ನು ದಿನಕ್ಕೆ ಎರಡು ಗಂಟೆ ಅಲುಗಾಡದಂತೆ ಇರಿಸಿ, ಹತ್ತು ದಿನದ ಮೇಲೆ ನೋಡಿದರೆ, ಹಿಪೊಕ್ಯಾಂಪಸ್ಸಿನ ಕೋಶಗಳ ರೆಂಬೆಗಳು ಕುಗ್ಗಿದ್ದುವು. ಆದರೆ ಬಾದಾಮಿಯಾಕಾರದ ಅಮಿಗ್ಡಾಲದಲ್ಲಿ, ಎಂದರೆ ಭಯದ ನೆಲೆಯಲ್ಲಿ, ರೆಂಬೆಗಳು ಇನ್ನಷ್ಟು ಹರಡಿಕೊಂಡಿದ್ದುವು. ಅದೇ ಪ್ರಯೋಗಶಾಲೆಯಿಂದ ೨೦೧೨ರಲ್ಲಿ ಹೊರಬಂದ ಕೆಲಸದಲ್ಲಿ ಗೊಬ್ಬರದ ಲೆಕ್ಕವೂ ಹಾಗೆಯೇ ಇತ್ತು: ಒಂದು ಕಡೆ ಇಳಿತ, ಇನ್ನೊಂದು ಕಡೆ ಏರಿಕೆ. ನಡುವೆ ೨೦೦೪ರಲ್ಲಿ ಅವರು ಮತ್ತೊಂದನ್ನು ತೋರಿಸಿದ್ದರು. ಸಂಕಟ ನಿಲ್ಲಿಸಿ ಇಪ್ಪತ್ತೊಂದು ದಿನ ಹಾಯಾಗಿ ಬಿಟ್ಟರೆ ಹಿಪೊಕ್ಯಾಂಪಸ್ ಚೇತರಿಸಿಕೊಳ್ಳುತ್ತದೆ. ಅಮಿಗ್ಡಾಲ ಮಾತ್ರ ಹಿಂದಿನ ಸ್ಥಿತಿಗೆ ಬರುವುದಿಲ್ಲ, ಇಲಿಯ ಅಂಜಿಕೆಯೂ ಹೋಗುವುದಿಲ್ಲ.

ಇಲಿಗೂ ಮನುಷ್ಯನಿಗೂ ಹೋಲಿಕೆಯೆ ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿದೆ. ಇಲಿಗೆ ಸಾಲವಿಲ್ಲ, ಮಗಳ ಮದುವೆಯಿಲ್ಲ, ನಿನ್ನೆ ಯಾರೋ ಆಡಿದ ಮಾತನ್ನು ಮೆಲುಕುಹಾಕುವ ಅಭ್ಯಾಸವಿಲ್ಲ. ಇಲಿಯ ಗೂಡಿನಲ್ಲಿ ಕಂಡುದೆಲ್ಲ ನಮ್ಮ ತಲೆಯೊಳಗೆ ಅಕ್ಷರಶಃ ನಡೆಯುತ್ತದೆಂದು ವಿಜ್ಞಾನಿಗಳೂ ಹೇಳುವುದಿಲ್ಲ. ರಕ್ತದಲ್ಲಿ ಬಿ.ಡಿ.ಎನ್.ಎಫ್. ಅಳೆದರೆ ಖಿನ್ನರಲ್ಲಿ ಸರಾಸರಿ ಕಡಮೆ ಇರುವುದು ನಿಜ. ಆದರೆ ರೋಗಿಗಳ ಅಂಕಿಗಳೂ ಆರೋಗ್ಯವಂತರ ಅಂಕಿಗಳೂ ಒಂದರಲ್ಲೊಂದು ಕಲೆತುಹೋಗಿರುವುದರಿಂದ ಅದನ್ನು ನೋಡಿ ಒಬ್ಬರಿಗೆ ರೋಗವಿದೆಯೆಂದು ಹೇಳಲಾಗದು. ಮಿದುಳಿನ ಪೋಷಕವನ್ನು ಹೆಚ್ಚಿಸುತ್ತೇವೆಂದು ಪುಡಿ, ಲೇಹ್ಯ ಮಾರುವವರನ್ನು ನಂಬಬೇಡಿ. ಎಲ್ಲಿ ಹೆಚ್ಚಬೇಕು, ಎಲ್ಲಿ ಹೆಚ್ಚಬಾರದು ಎಂಬುದೇ ಇಲ್ಲಿರುವ ತೊಡಕೆಂದು ಮೇಲೆ ನೋಡಿದೆವಷ್ಟೆ.

ಔಷಧದ ಕಡೆಯಲ್ಲಿಯೂ ತಿಳಿವಳಿಕೆ ಮುಂದುವರಿದಿದೆ. ಖಿನ್ನತೆಯ ಮಾತ್ರೆಗಳು ಈ ಗೊಬ್ಬರ ಬಂದು ಕೂಡುವ ಗ್ರಾಹಕಕ್ಕೆ ತಾವೇ ನೇರವಾಗಿ ಅಂಟಿಕೊಳ್ಳಬಲ್ಲವೆಂದು ಫಿನ್ಲೆಂಡಿನ ಹೆಲ್ಸಿಂಕಿಯವರು ೨೦೨೧ರಲ್ಲಿ ತೋರಿಸಿದರು. ಶಸ್ತ್ರಕ್ರಿಯೆಯಲ್ಲಿ ಅರಿವಳಿಕೆಗೆ ಬಳಸುವ ಕೆಟಮಿನ್ ಎಂಬುದು ಕೆಲವರಲ್ಲಿ ವಾರಗಳ ಬದಲು ಗಂಟೆಗಳಲ್ಲಿ ಗುಣ ಕೊಡುತ್ತದೆ. ಗುಣ ಬಹಳ ದಿನ ನಿಲ್ಲುವುದಿಲ್ಲ, ಅಪಾಯಗಳೂ ಇವೆ. ಅದು ಆಸ್ಪತ್ರೆಯ ಕಣ್ಣಳತೆಯಲ್ಲಿಯೇ ನಡೆಯಬೇಕಾದ ಚಿಕಿತ್ಸೆ.

ಮದ್ದಿಲ್ಲದ ಗೊಬ್ಬರವೂ ಒಂದುಂಟು. ಗಾಲಿಯ ಮೇಲೆ ತಾವಾಗಿ ಓಡಿದ ಇಲಿಗಳ ಹಿಪೊಕ್ಯಾಂಪಸ್ಸಿನಲ್ಲಿ ಬಿ.ಡಿ.ಎನ್.ಎಫ್. ಏರುವುದನ್ನು ೧೯೯೫ರಲ್ಲಿಯೇ ಕಂಡಿದ್ದರು. ಮನುಷ್ಯರಲ್ಲಿ ನಡಿಗೆ, ವ್ಯಾಯಾಮಗಳು ಸಾಧಾರಣ ಮಟ್ಟದ ಖಿನ್ನತೆಗೆ ಒಳ್ಳೆಯ ಸಹಾಯ. ಆದರೆ ಬಯಕೆ ಬತ್ತಿದವರು ಎದ್ದು ಹೊರಡುವುದು ಹೇಗೆ? ನಮ್ಮ ವೈದ್ಯರು ಇದಕ್ಕೆ ಒಂದು ಕ್ರಮ ಹೇಳಿಕೊಟ್ಟರು. "ಅಮ್ಮಾ, ಇಷ್ಟ ಬಂದ ಮೇಲೆ ಮಾಡುತ್ತೇನೆ ಅಂತ ಕಾಯಬೇಡಿ. ಮೊದಲು ಮಾಡಿ, ಇಷ್ಟ ಆಮೇಲೆ ಬರಲಿ. ದಿನಾ ಒಂದೇ ಹೊತ್ತಿಗೆ, ಹತ್ತು ನಿಮಿಷ." ನನ್ನ ಕಡೆ ತಿರುಗಿ, "ನೀವು ಹೇಳಿ ಕಳಿಸಬೇಡಿ ಮೇಷ್ಟ್ರೇ, ಜೊತೆಯಲ್ಲಿ ಹೋಗಿ" ಎಂದರು. ಹೀಗೆ ಸಣ್ಣ ಸಣ್ಣ ಕೆಲಸಗಳಿಂದ ಬಯಕೆಯ ಹಾದಿಯನ್ನು ಮತ್ತೆ ತುಳಿಯಿಸುವುದೂ ಒಂದು ಚಿಕಿತ್ಸಾಪದ್ಧತಿಯೇ. ದಿನವೂ ಸಂಜೆ ಅಕ್ಕನೂ ನಾನೂ ಕೆರೆಯ ಏರಿಯ ತನಕ ಹೋಗಿಬರುತ್ತಿದ್ದೆವು. ಬೆಳಗ್ಗೆ ರೇಡಿಯೋ ಹಚ್ಚಿ, ಆಕೆ ಕೇಳಲಿ ಬಿಡಲಿ, ಪಕ್ಕದಲ್ಲಿ ಕೂರುತ್ತಿದ್ದೆ.

ಇನ್ನೊಂದು ಮಾತು. ಮನೆಯಲ್ಲಿ ಯಾರಾದರೂ 'ಇದ್ದು ಏನು ಪ್ರಯೋಜನ' ಎಂಬ ಮಾತಾಡಿದರೆ ಹುಡುಗಾಟವೆಂದು ತಳ್ಳಿಹಾಕಬೇಡಿ, ಒಬ್ಬರನ್ನೇ ಬಿಡಬೇಡಿ. ೨೦೨೨ರಿಂದ ಕೇಂದ್ರ ಸರಕಾರದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆ ನಡೆಯುತ್ತಿದೆ. ೧೪೪೧೬ಕ್ಕೆ ಕರೆಮಾಡಿದರೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಮಾತ್ರೆ ಆರಂಭಿಸಿದ ಮೊದಲ ಎರಡು ವಾರ ಏನೂ ಕಾಣಲಿಲ್ಲ. ಬಾಯಿ ಒಣಗುತ್ತದೆ, ಹೊಟ್ಟೆ ತೊಳಸುತ್ತದೆ, ಈ ಸುಡುಗಾಡು ಬೇಡ ಎಂದಳು. ಗೊಬ್ಬರದ ಕಥೆ ಓದಿಕೊಂಡಿದ್ದುದರಿಂದ ನಾನು ಧೈರ್ಯ ಬಿಡಲಿಲ್ಲ. ನಾಲ್ಕನೆಯ ವಾರ ಒಂದು ಬೆಳಗ್ಗೆ ನಾನು ಮಾಡಿಕೊಟ್ಟ ಕಾಫಿಯನ್ನು ಬಾಯಿಗಿಟ್ಟವಳು ಮುಖ ಸಿಂಡರಿಸಿ, "ಇದೇನೋ, ಸಕ್ಕರೆ ಹಾಕಿದೀಯೋ ಇಲ್ಲವೋ?" ಎಂದಳು. ಐದಾರು ತಿಂಗಳಿನಿಂದ ಅದೇ ಕಾಫಿಯನ್ನು ಸದ್ದಿಲ್ಲದೆ ಕುಡಿದಿದ್ದಳು. ನಾನು ಸಕ್ಕರೆಯ ಡಬ್ಬಿ ತರುವ ನೆವದಿಂದ ಒಳಗೆ ಹೋಗಿ ಸ್ವಲ್ಪ ಹೊತ್ತು ನಿಂತುಬಂದೆ.

ಎರಡು ತಿಂಗಳಿಗೆ, ಚೆನ್ನಾಗಿದ್ದೇನಲ್ಲ, ಮಾತ್ರೆ ನಿಲ್ಲಿಸಿಬಿಡೋಣ ಎಂದು ಹಟಹಿಡಿದಳು. ವೈದ್ಯರು ಒಪ್ಪಲಿಲ್ಲ. ಗುಣವಾದ ಮೇಲೂ ಕಡಮೆಯೆಂದರೆ ಆರು ತಿಂಗಳು ಮುಂದುವರಿಸದಿದ್ದರೆ ಮರುಕಳಿಸುವ ಸಂಭವ ಹೆಚ್ಚು. ನಿಲ್ಲಿಸುವಾಗಲೂ ಒಮ್ಮೆಗೇ ಬಿಡದೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು ಎಂದರು. ಇಪ್ಪತ್ತೊಂದು ದಿನ ಕಳೆದರೂ ಅಂಜಿಕೆ ಬಿಡದ ಬೆಂಗಳೂರಿನ ಇಲಿಗಳ ಸಂಗತಿಯನ್ನು ಅಕ್ಕನಿಗೆ ಹೇಳಿದೆ. "ನನ್ನನ್ನು ಇಲಿ ಮಾಡಿದೆಯಲ್ಲೋ" ಎಂದು ನಕ್ಕು ಮಾತ್ರೆ ನುಂಗಿದಳು. ಈಗ ಅರ್ಧ ಮಾತ್ರೆಗೆ ಇಳಿದಿದೆ.